ಅಲ್ಪ ಪ್ರಮಾಣದಲ್ಲಿ

ರಾತ್ರಿ ಎರಡೂಕಾಲಿಗೆ ಫೋನು.
'ಗ್ಯಾಸು' ಎಂದರು ಮ್ಯಾನೇಜರು, ಆಮೇಲೆ ಕೆಮ್ಮು,
ಆಮೇಲೆ, 'ಬೇಗ ಬನ್ನಿ, ಪೇಪರಿನವರು ಬರುವ ಮುಂಚೆ.'
ಅಗ್ನಿಶಾಮಕದವರಿಗೆ ಹೇಳಿದಿರಾ ಎಂದೆ.
ಅತ್ತ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.

ಹೆಲ್ಮೆಟ್ಟಿನೊಳಗೇ ಮೊದಲ ವಾಕ್ಯ ಬರೆದುಕೊಂಡೆ
ಸಂತೆಪೇಟೆ ದಾಟುವಷ್ಟರಲ್ಲಿ:
'ನಮ್ಮ ಶೀತಲಗೃಹದಲ್ಲಿ ಅಲ್ಪ ಪ್ರಮಾಣದಲ್ಲಿ...'
ಹನ್ನೊಂದು ವರ್ಷ ವರದಿಗಾರನಾಗಿದ್ದವನು ನಾನು,
ಇಂಥ ವಾಕ್ಯ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದವನು.
ಈಗ ಅವೇ ಅನ್ನ.

ಬೀದಿಯ ತುಂಬ ಜನ. ಒದ್ದೆ ಟವೆಲು ಮೂಗಿಗೆ,
ಮಕ್ಕಳು ಕಂಬಳಿಯಲ್ಲಿ, ಒಬ್ಬಾಕೆ
ಯಾಕೋ ಕುಕ್ಕರು ಅವಚಿಕೊಂಡು ಓಡುತ್ತಿದ್ದಳು.
ಅಲ್ಪ ಪ್ರಮಾಣ ಎಷ್ಟು ದೂರ ಹೋಗುತ್ತದೆ ಅಂತ
ಅವತ್ತು ಗೊತ್ತಾಯಿತು:
ಗಾಳಿಯಿದ್ದರೆ, ರೈಲ್ವೆ ಗೇಟಿನವರೆಗೆ.

ಬೆಳಿಗ್ಗೆ ಏಳಕ್ಕೆ ಬಿ.ಎಂ. ರಸ್ತೆಯ ಆಫೀಸಿನಲ್ಲಿ ಕೂತೆವು.
'ಸೋರಿಕೆ' ಬೇಡ ಎಂದರು ಮಾಲೀಕರು, 'ವ್ಯತ್ಯಯ' ಅನ್ನಿ.
'ಅಸ್ವಸ್ಥ' ಬೇಡ, 'ಕಿರಿಕಿರಿ'.
ವಾಲ್ವು ತಿರುಗಿಸಲು ಒಳಹೋದ ಜವರಯ್ಯನಿಗೆ
ಒಂದು ಶಬ್ದ ಬೇಕಿತ್ತು, ಯಾರಿಗೂ ಹೊಳೆಯಲಿಲ್ಲ.
ಕೊನೆಗೆ 'ಓರ್ವ ಸಿಬ್ಬಂದಿ' ಆದ.
ಗುತ್ತಿಗೆಯವನಲ್ಲವೇ ಅಂತ ಲೆಕ್ಕಪತ್ರದವರು ಗೊಣಗಿದಾಗ
ಅದೂ ಹೋಯಿತು.

'ಕ್ಷಮಿಸಿ' ಅಂತ ಒಂದು ಸಾಲು ಹಾಕಿದ್ದೆ.
ವಕೀಲರು ಅದನ್ನು ಬೆರಳಲ್ಲಿ ಮುಟ್ಟಿ,
ಕಾದ ಕಾವಲಿ ಮುಟ್ಟಿದವರ ಹಾಗೆ ಕೈ ಹಿಂದೆಗೆದು
'ವಿಷಾದಿಸುತ್ತೇವೆ' ಎಂದರು.
ವಿಷಾದಕ್ಕೆ ಕರ್ತೃ ಬೇಡ. ಮಳೆ ಬಂದರೂ ವಿಷಾದಿಸಬಹುದು.

ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಅಮ್ಮನ ಊರು ಇದು.
ಮುಚ್ಚಿದ ಕತ್ತಲಲ್ಲಿ ಹಚ್ಚಿಟ್ಟ ದೀಪ ಆರಿಲ್ಲ,
ಮುಡಿಸಿದ ಹೂವು ಬಾಡಿಲ್ಲ ಎಂದು ಕೈಮುಗಿಯುವ ಊರು
ನನ್ನ ಒಂದು ಹಾಳೆಯನ್ನು ನಂಬುವುದಿಲ್ಲವೆ
ಎಂದುಕೊಂಡೆ.
ಎಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಿದೆ.

ಹನ್ನೊಂದಕ್ಕೆ ಗೋಷ್ಠಿ, ಗೋದಾಮಿನ ಗೇಟಿನೆದುರೇ.
ಒಳಗೆ ಕೂರಿಸಿದರೆ ಮುಚ್ಚಿಟ್ಟ ಹಾಗೆ ಕಾಣುತ್ತದೆಂದು
ಬಯಲಲ್ಲಿ ಕುರ್ಚಿ ಹಾಕಿಸಿದ್ದು ನನ್ನದೇ ಬುದ್ಧಿ.
ಮಾಲೀಕರು ಓದತೊಡಗಿದರು. ಎರಡನೇ ಪ್ಯಾರಾದಲ್ಲಿ
ಗಾಳಿ ತಿರುಗಿತು.
ಅಳಿದುಳಿದ ಅಮೋನಿಯಾ ಮೆಲ್ಲಗೆ ಬಂದು ಕೂತಿತು ನಮ್ಮ ಜೊತೆ.
ಅವರ ಕಣ್ಣಲ್ಲಿ ಬಳಬಳ ನೀರು.
ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೀರು.
ಕ್ಯಾಮೆರಾಗಳು ಮುನ್ನುಗ್ಗಿದವು, ಹಿಡಿದವರೂ ಅಳುತ್ತ.
ಎಲ್ಲರೂ ಅಳುತ್ತಿದ್ದೆವು. ಯಾರಿಗೂ ದುಃಖವಿರಲಿಲ್ಲ.

ಮಾರನೇ ದಿನ ಮುಖಪುಟ: 'ಬಿಕ್ಕಿ ಅತ್ತ ಮಾಲೀಕ'.
ಸಂಜೆಗೆ ಊರು ಮೆತ್ತಗಾಯಿತು. ಪಾಪ, ಮನುಷ್ಯ ಒಳ್ಳೆಯವನು.
ನನಗೊಂದು ಕವರು ಬಂತು, ದಪ್ಪ.
'ಹೇಗೆ ಹೊಳೀತಪ್ಪಾ ನಿನಗೆ, ಬಯಲು?' ಎಂದರು ಮ್ಯಾನೇಜರು.

ಭಾನುವಾರ ಜಿಲ್ಲಾಸ್ಪತ್ರೆಗೆ ಹೋದೆ, ಮೂಸಂಬಿ ಹಿಡಿದು.
ಜವರಯ್ಯನ ಎರಡೂ ಕಣ್ಣಿಗೆ ಹತ್ತಿ.
ಮಂಚದ ಪಕ್ಕ ಹೆಂಡತಿ ಸಾಕಮ್ಮ ಅದೇ ಪೇಪರು ಹಾಸಿ
ಮೇಲೆ ತಟ್ಟೆಯಿಟ್ಟು ಅನ್ನ ಕಲೆಸುತ್ತಿದ್ದಳು.
'ನನ್ ಇಸ್ಯ ಏನ್ ಬರ್ದವ್ರೆ ಸಾ? ವಸಿ ಓದಿ.'
ತಟ್ಟೆ ಸರಿಸಿದೆ. ಇಡೀ ಪುಟದಲ್ಲಿ ಅವನಿರಲಿಲ್ಲ.
ಓದಿದೆ, ಇಲ್ಲದ ಸಾಲನ್ನು:
'ಜವರಯ್ಯ ಎಂಬವರು ಒಳಹೋಗಿ ವಾಲ್ವು ಮುಚ್ಚಿದ್ದರಿಂದ
ಒಂದು ಬಡಾವಣೆ ಉಳಿಯಿತು.'
ಅವನು ತಲೆದೂಗಿದ. 'ಸರ್ಯಾಗ್ ಬರ್ದವ್ರೆ.'
ಸಾಕಮ್ಮನಿಗೆ ಓದು ಬರುತ್ತದೆ.
ನನ್ನನ್ನೇ ನೋಡಿದಳು, ಏನೂ ಅನ್ನಲಿಲ್ಲ,
ತುತ್ತು ಎತ್ತಿ ಅವನ ಬಾಯಿಗಿಟ್ಟಳು.

ಕಂಪ್ರೆಸರು ನಿಂತ ಒಂಬತ್ತನೇ ದಿನ
ಬೀಗ ತೆಗೆದಾಗ ನಾನೂ ಇದ್ದೆ, ಫೋಟೊ ಬೇಕಿತ್ತು.
ಬಿತ್ತನೆ ಆಲೂಗಡ್ಡೆಯ ಚೀಲಗಳು ಸೂರಿನವರೆಗೆ.
ತಂಪು ಹೋಗಿ ಬೆಚ್ಚಗಾದ ಕತ್ತಲಲ್ಲಿ,
ಗೋಣಿಯ ನೇಯ್ಗೆ ತೂರಿಕೊಂಡು, ಬೆಳ್ಳಗೆ,
ಒಂದೊಂದು ಗಡ್ಡೆಯೂ ಕಣ್ಣು ಬಿಟ್ಟಿತ್ತು.

'ಇದಕ್ಕೇನು ಅನ್ನೋಣ?' ಎಂದರು ಮಾಲೀಕರು.